ಇರಲು ಅನುಮತಿ ಇದೆ, ದುಡಿಯಲು? ಕೊರಿಯಾದ ಸೇನಾ ಕುಟುಂಬಗಳು ಮತ್ತು ಇಂಗ್ಲಿಷ್ ಪಾಠ

2025ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಸೇರಿ ಕಟ್ಟಿಸುತ್ತಿದ್ದ ಬ್ಯಾಟರಿ ಕಾರ್ಖಾನೆಗೆ ಇಮಿಗ್ರೇಷನ್ ಅಧಿಕಾರಿಗಳು ದಾಳಿ ಮಾಡಿ 475 ಜನರನ್ನು ಹಿಡಿದರು. ಅವರಲ್ಲಿ 300ಕ್ಕೂ ಹೆಚ್ಚು ಜನ ದಕ್ಷಿಣ ಕೊರಿಯಾದವರು. ಬಹಳ ಜನರ ಮೇಲಿದ್ದ ಆರೋಪ ಒಂದೇ: ದೇಶದೊಳಗೆ ಬರಲು ಅನುಮತಿ ಇತ್ತು, ಆ ಕೆಲಸ ಮಾಡಲು ಇರಲಿಲ್ಲ. ಸರಪಳಿ ತೊಡಿಸಿ ಕರೆದೊಯ್ಯುವ ದೃಶ್ಯ ಕೊರಿಯಾದಲ್ಲಿ ಮನೆಮನೆಯ ಟಿವಿಯಲ್ಲೂ ಕಂಡಿತು. ಜನ ಕೆರಳಿದರು. ಆ ಸಿಟ್ಟಿನಲ್ಲೇ ಕೊರಿಯಾದ ಜಾಲತಾಣಗಳಲ್ಲಿ ಇನ್ನೊಂದು ಮಾತು ಹುಟ್ಟಿತು. ನಮ್ಮಲ್ಲಿ ಸರಿಯಾದ ವೀಸಾ ಇಲ್ಲದೆ ಇಂಗ್ಲಿಷ್ ಪಾಠ ಹೇಳಿ ದುಡ್ಡು ಮಾಡುವ ಅಮೆರಿಕನ್ನರನ್ನು ಯಾಕೆ ಹಿಡಿಯುವುದಿಲ್ಲ?

ಈ ಪ್ರಶ್ನೆ ಮೊದಲು ತಾಗುವುದು ಪ್ರವಾಸಿ ವೀಸಾದಲ್ಲಿ ಬಂದು ಪಾಠ ಹೇಳುವವರಿಗೆ. ಆದರೆ ಕೊರಿಯಾದಲ್ಲಿ ಇನ್ನೂ ಒಂದು ಗುಂಪಿದೆ. ಅಲ್ಲಿ ನೆಲೆಸಿರುವ ಸುಮಾರು 28,500 ಅಮೆರಿಕನ್ ಸೈನಿಕರ ಹೆಂಡತಿ, ಗಂಡ, ಮಕ್ಕಳು. ಇವರು ಅಲ್ಲಿ ಇರುವುದು ಕುಟುಂಬದವರು ಎಂಬ ಕಾರಣಕ್ಕೆ. ಇವರು ಇಂಗ್ಲಿಷ್ ಪಾಠ ಹೇಳಬಹುದೇ? 'ಆರಾಮಾಗಿ ಹೇಳಬಹುದು, ನಮಗೆ ಕೊರಿಯಾದ ವೀಸಾ ಕಾನೂನು ಅನ್ವಯಿಸುವುದೇ ಇಲ್ಲ' ಎನ್ನುವವರು ಇದ್ದಾರೆ. 'ಒಂದು ಗಂಟೆ ಪಾಠ ಹೇಳಿದರೂ ಗಡೀಪಾರು' ಎಂದು ಹೆದರಿಸುವವರೂ ಇದ್ದಾರೆ. ಎರಡೂ ಸರಿಯಲ್ಲ. ಗೊಂದಲ ಎಲ್ಲಿಂದ ಬಂತು ಎಂದು ತಿಳಿಯಲು ಸುಮಾರು ಅರವತ್ತು ವರ್ಷ ಹಿಂದಿನ ಒಂದು ಒಪ್ಪಂದವನ್ನು ನೋಡಬೇಕು.

1966ರ ಒಪ್ಪಂದ ಏನು ಹೇಳುತ್ತದೆ?

ಬೇರೆ ದೇಶದ ಸೇನೆ ನಮ್ಮ ನೆಲದಲ್ಲಿ ವರ್ಷಗಟ್ಟಲೆ ಇದ್ದರೆ ಅದಕ್ಕೆ ಯಾವ ಕಾನೂನು? ಸೈನಿಕ ತಪ್ಪು ಮಾಡಿದರೆ ಯಾವ ಕೋರ್ಟು? ತೆರಿಗೆ ಯಾರಿಗೆ? ಇಂಥ ವಿಷಯಗಳನ್ನು ಬರೆದಿಡುವ ಕರಾರಿಗೆ 'ಪಡೆಗಳ ಸ್ಥಾನಮಾನ ಒಪ್ಪಂದ' ಎನ್ನುತ್ತಾರೆ. ಅಮೆರಿಕ ಮತ್ತು ದಕ್ಷಿಣ ಕೊರಿಯಾ ಇದಕ್ಕೆ ಸಹಿ ಹಾಕಿದ್ದು 1966ರಲ್ಲಿ. ಜಾರಿಗೆ ಬಂದದ್ದು 1967ರಲ್ಲಿ. ಸೈನಿಕನ ಸಂಗಾತಿ, 21 ವರ್ಷದೊಳಗಿನ ಮಕ್ಕಳು ಇದರ ಪ್ರಕಾರ 'ಅವಲಂಬಿತರು'. ಅರ್ಧಕ್ಕಿಂತ ಜಾಸ್ತಿ ಖರ್ಚಿಗೆ ಸೈನಿಕನನ್ನೇ ನಂಬಿಕೊಂಡಿರುವ ತಂದೆ ತಾಯಿಯೂ ಈ ಪಟ್ಟಿಯಲ್ಲಿ ಬರುತ್ತಾರೆ. ಕೊರಿಯಾದ ಇಮಿಗ್ರೇಷನ್ ಭಾಷೆಯಲ್ಲಿ ಇವರ ಸ್ಥಾನಕ್ಕೆ ಎ-3 ಎಂಬ ಗುರುತು.

ಗೊಂದಲದ ಬೇರು ಇರುವುದು ಒಪ್ಪಂದದ 8ನೇ ವಿಧಿಯಲ್ಲಿ. ಸೈನಿಕರಿಗೆ ಕೊರಿಯಾದ ಪಾಸ್‌ಪೋರ್ಟ್ ಮತ್ತು ವೀಸಾ ಕಾನೂನಿನಿಂದ ವಿನಾಯಿತಿ ಇದೆ. ಕುಟುಂಬದವರಿಗೆ ಇರುವುದು ವಿದೇಶಿಯರ ನೋಂದಣಿ ಮತ್ತು ನಿಯಂತ್ರಣದ ನಿಯಮಗಳಿಂದ ವಿನಾಯಿತಿ. ಇದನ್ನು ಮೇಲ್ನೋಟಕ್ಕೆ ಓದಿದವರು 'ಹಾಗಾದರೆ ನಮ್ಮನ್ನು ಕೇಳುವವರೇ ಇಲ್ಲ' ಎಂದುಕೊಳ್ಳುತ್ತಾರೆ.

ಆದರೆ ವಿನಾಯಿತಿ ಯಾಕೆ ಕೊಟ್ಟರು ಎಂದು ನೋಡಿ. ಸೈನಿಕನ ಕುಟುಂಬ ಬಂದು ಹೋಗುವಾಗ ಪ್ರತಿ ಸಲವೂ ಇಮಿಗ್ರೇಷನ್ ಆಫೀಸಿಗೆ ಅಲೆಯದಿರಲಿ ಎಂದು. ಊರಿನ ಮಾರುಕಟ್ಟೆಯಲ್ಲಿ ಕೆಲಸ ಹುಡುಕಲಿ ಎಂದು ಅಲ್ಲ. ಅದೇ ಒಪ್ಪಂದದ 7ನೇ ವಿಧಿ, ಇವರೆಲ್ಲರೂ ಕೊರಿಯಾದ ಕಾನೂನನ್ನು ಗೌರವಿಸಬೇಕು ಎಂದು ಹೇಳುತ್ತದೆ. 14ನೇ ವಿಧಿ ಇನ್ನೂ ಸ್ಪಷ್ಟ. ಅಮೆರಿಕನ್ ಸೇನೆಯಿಂದ ಬರುವ ಸಂಬಳಕ್ಕೆ ಕೊರಿಯಾ ತೆರಿಗೆ ಹಾಕುವುದಿಲ್ಲ, ಕೊರಿಯಾದೊಳಗೆ ಬೇರೆ ಮೂಲದಿಂದ ದುಡಿದ ಹಣಕ್ಕೆ ಆ ರಿಯಾಯಿತಿ ಇಲ್ಲ. ಸೇನೆಗೆ ಸಂಬಂಧಿಸಿದ್ದು ಒಂದು ಕಡೆ, ಊರಿನೊಳಗಿನ ದುಡಿಮೆ ಇನ್ನೊಂದು ಕಡೆ ಎಂದು ಒಪ್ಪಂದವೇ ಗೆರೆ ಎಳೆದಿದೆ.

ಹಾಗಾದರೆ ದಾರಿ ಯಾವುದು?

ಕೊರಿಯಾದ ಇಮಿಗ್ರೇಷನ್ ಕಾಯ್ದೆಯ 20ನೇ ಕಲಮು ಇಲ್ಲಿ ಮುಖ್ಯ. ವಿದೇಶಿಯೊಬ್ಬರು ಯಾವ ಕಾರಣಕ್ಕೆ ದೇಶದಲ್ಲಿದ್ದಾರೋ ಅದನ್ನು ಬಿಟ್ಟು ಬೇರೆ ವೀಸಾಕ್ಕೆ ಸೇರಿದ ಕೆಲಸವನ್ನೂ ಮಾಡಬೇಕಿದ್ದರೆ ಮೊದಲೇ ಅನುಮತಿ ಪಡೆಯಬೇಕು. ಅಂದರೆ ಎ-3 ಅನ್ನು ಬಿಟ್ಟುಕೊಡಬೇಕಿಲ್ಲ. ಅದರ ಮೇಲೆಯೇ 'ಈ ಕೆಲಸವನ್ನೂ ಮಾಡಬಹುದು' ಎಂಬ ಹೆಚ್ಚುವರಿ ಒಪ್ಪಿಗೆ ಪಡೆಯುವುದು. ಇಂಗ್ಲಿಷ್ ಮಾತುಗಾರಿಕೆ ಕಲಿಸುವ ಕೆಲಸಕ್ಕೆ ಕೊರಿಯಾದಲ್ಲಿ ಇ-2 ಎಂಬ ಪ್ರತ್ಯೇಕ ವೀಸಾ ಇದೆ. ಅನುಮತಿ ಕೇಳುವವರನ್ನೂ ಅದೇ ಅಳತೆಗೋಲಿನಿಂದ ನೋಡುತ್ತಾರೆ.

ಆ ಅಳತೆಗೋಲು ಸಣ್ಣದಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶಗಳಲ್ಲಿ ಒಂದರ ಪೌರರಾಗಿರಬೇಕು. ಪದವಿ ಇರಬೇಕು. ಪದವಿ ಪತ್ರಕ್ಕೆ ಅಪೋಸ್ಟಿಲ್ ಮುದ್ರೆ ಬೇಕು, ಅಂದರೆ ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ. ಅಮೆರಿಕನ್ನರಾದರೆ ಎಫ್‌ಬಿಐನಿಂದ ಕ್ರಿಮಿನಲ್ ದಾಖಲೆಯ ಪತ್ರ ತರಿಸಬೇಕು, ಅದಕ್ಕೂ ಅಪೋಸ್ಟಿಲ್. ಮಾದಕ ವಸ್ತು ಪರೀಕ್ಷೆ ಸೇರಿದ ಆರೋಗ್ಯ ತಪಾಸಣೆ ಆಗಬೇಕು. ಇಷ್ಟೆಲ್ಲ ಆದ ಮೇಲೆ ಯಾವ ಸಂಸ್ಥೆಯಲ್ಲಿ ಪಾಠವೋ ಅದರ ಜೊತೆ ಕರಾರು.

ಹಾಗಾಗಿ ಉತ್ತರ ಇಷ್ಟು: ಎ-3 ಇದ್ದವರು ಇಂಗ್ಲಿಷ್ ಪಾಠ ಹೇಳುವುದೇ ಅಪರಾಧವಲ್ಲ, ಅನುಮತಿ ಬರುವ ಮೊದಲು ಹೇಳುವುದು ಅಪರಾಧ. ಎಷ್ಟೋ ಜನ ಜಾರಿ ಬೀಳುವುದು ಈ ಹಿಂದು ಮುಂದಿನಲ್ಲೇ. 'ಕಾಗದ ಆಮೇಲೆ ಮಾಡಿಸೋಣ, ಸೋಮವಾರದಿಂದ ಬನ್ನಿ' ಎನ್ನುವ ಸಂಸ್ಥೆಯ ಮಾತು ನಂಬಿ ಸೋಮವಾರ ಹೋಗಿ ನಿಲ್ಲುತ್ತಾರೆ.

ಇದರ ಜೊತೆಗೆ ಸೇನೆಯ ಕಡೆಯ ನಿಯಮಗಳು ಬೇರೆ. ಸೇನಾ ವಸತಿಯಲ್ಲಿ ಮನೆಯಿಂದಲೇ ವ್ಯಾಪಾರ ಮಾಡಲು ನೆಲೆಯ ಕಮಾಂಡರ್ ಒಪ್ಪಿಗೆ ಬೇಕು. ವಸತಿಯ ಡೈನಿಂಗ್ ಟೇಬಲ್ಲಿನಲ್ಲಿ ಫೀಸು ತೆಗೆದುಕೊಂಡು ಟ್ಯೂಷನ್ ಮಾಡುವುದೂ ಇದರಲ್ಲಿ ಬರುತ್ತದೆ. ಕಮಾಂಡರ್ ಒಪ್ಪಿದರು ಎಂದರೆ ಕೊರಿಯಾ ಒಪ್ಪಿತು ಎಂದಲ್ಲ. ಇಮಿಗ್ರೇಷನ್ ಒಪ್ಪಿತು ಎಂದರೆ ಸೇನೆ ಒಪ್ಪಿತು ಎಂದೂ ಅಲ್ಲ.

ಇಷ್ಟು ಬಿಗಿ ಯಾಕೆ?

ಹೊರಗಿನಿಂದ ನೋಡಿದರೆ ಅತಿ ಎನಿಸಬಹುದು. ವಾರಕ್ಕೆ ನಾಲ್ಕು ಗಂಟೆ 'ಎಬಿಸಿ' ಹೇಳಿಕೊಡಲು ಎಫ್‌ಬಿಐ ಪತ್ರ ಯಾಕೆ? ಇದರ ಹಿಂದೆ 2007ರ ಒಂದು ಪ್ರಕರಣವಿದೆ. ಆ ವರ್ಷ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಇಂಟರ್‌ಪೋಲ್ ಹುಡುಕುತ್ತಿದ್ದ ಕೆನಡಾದ ವ್ಯಕ್ತಿಯೊಬ್ಬ ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ. ಅದಕ್ಕೆ ಸ್ವಲ್ಪ ಮೊದಲಿನವರೆಗೂ ಅವನು ಕೊರಿಯಾದಲ್ಲಿ ಇಂಗ್ಲಿಷ್ ಶಿಕ್ಷಕನಾಗಿದ್ದ. ಮಕ್ಕಳ ಮುಂದೆ ನಿಲ್ಲುವವರು ಯಾರು ಎಂದು ಯಾರೂ ನೋಡಿರಲಿಲ್ಲ ಎಂಬುದು ಬಯಲಾಯಿತು. ಆಮೇಲೆಯೇ ಇ-2ಕ್ಕೆ ಕ್ರಿಮಿನಲ್ ದಾಖಲೆ ಮತ್ತು ಆರೋಗ್ಯ ತಪಾಸಣೆ ಕಡ್ಡಾಯವಾದದ್ದು.

ಆ ಭಯದಲ್ಲಿ ಮಾಡಿದ್ದೆಲ್ಲವೂ ಸರಿ ಇರಲಿಲ್ಲ. ವಿದೇಶಿ ಶಿಕ್ಷಕರಿಗೆ ಮಾತ್ರ ಎಚ್‌ಐವಿ ಪರೀಕ್ಷೆಯನ್ನೂ ಹೇರಿದ್ದರು. ನ್ಯೂಜಿಲೆಂಡಿನ ಶಿಕ್ಷಕಿಯೊಬ್ಬರು ಇದನ್ನು ಒಪ್ಪದೆ ಕೆಲಸ ಕಳೆದುಕೊಂಡರು. ದೂರು ವಿಶ್ವಸಂಸ್ಥೆಯವರೆಗೆ ಹೋಯಿತು. ಇದು ತಾರತಮ್ಯ ಎಂದು 2015ರಲ್ಲಿ ವಿಶ್ವಸಂಸ್ಥೆಯ ಸಮಿತಿ ಹೇಳಿತು. 2017ರಲ್ಲಿ ಕೊರಿಯಾ ಆ ಪರೀಕ್ಷೆಯನ್ನು ಕೈಬಿಟ್ಟಿತು. ಕ್ರಿಮಿನಲ್ ದಾಖಲೆಯ ನಿಯಮ ಮಾತ್ರ ಉಳಿಯಿತು, ಉಳಿಯಬೇಕಾದದ್ದೇ. ಎಂಟು ವರ್ಷದ ಮಗುವನ್ನು ಒಂದು ಕೋಣೆಯಲ್ಲಿ ಅಪರಿಚಿತರ ಜೊತೆ ಕೂರಿಸುವ ತಾಯಿಗೆ ಅಷ್ಟಾದರೂ ಧೈರ್ಯ ಸಿಗಬೇಕು. ಪಾಠ ಹೇಳುವವರು ಸೈನಿಕನ ಹೆಂಡತಿಯೋ, ನೇರವಾಗಿ ಬಂದ ಶಿಕ್ಷಕಿಯೋ ಎಂಬುದರಿಂದ ಆ ಮಗುವಿಗೆ ಏನೂ ವ್ಯತ್ಯಾಸ ಆಗುವುದಿಲ್ಲ ಅಲ್ವಾ?

ಬೇಡಿಕೆ ಎಷ್ಟಿದೆ ಗೊತ್ತಾ?

ಸಿಯೋಲ್‌ನಿಂದ ದಕ್ಷಿಣಕ್ಕೆ ಪ್ಯೋಂಗ್‌ಟೇಕ್ ಎಂಬ ನಗರವಿದೆ. ಅಲ್ಲಿನ ಕ್ಯಾಂಪ್ ಹಂಫ್ರೀಸ್ ಅಮೆರಿಕದ ಹೊರಗಿರುವ ಅತಿ ದೊಡ್ಡ ಅಮೆರಿಕನ್ ಸೇನಾ ನೆಲೆ. ಒಳಗೆ ಶಾಲೆ, ಆಸ್ಪತ್ರೆ, ಸೂಪರ್‌ಮಾರ್ಕೆಟ್ಟು ಎಲ್ಲವೂ ಇವೆ. ಗೇಟು ದಾಟಿದರೆ ಬೇರೆ ಪ್ರಪಂಚ. ಮಧ್ಯಾಹ್ನ ಶಾಲೆ ಬಿಡುತ್ತಿದ್ದಂತೆ ಹಳದಿ ವ್ಯಾನುಗಳು ಮಕ್ಕಳನ್ನು ತುಂಬಿಕೊಂಡು ಹೊರಡುತ್ತವೆ, ಮನೆಗಲ್ಲ, 'ಹಾಗ್ವನ್'ಗೆ. ಅಂದರೆ ನಮ್ಮ ಕಡೆಯ ಟ್ಯೂಟೋರಿಯಲ್ ಇದ್ದ ಹಾಗೆ, ಆದರೆ ನರ್ಸರಿಯಿಂದಲೇ ಶುರು. ರಾತ್ರಿ ಹತ್ತರ ನಂತರ ಪಾಠ ಮಾಡಬಾರದು ಎಂದು ಸಿಯೋಲ್ ನಗರ ನಿಯಮವನ್ನೇ ಮಾಡಬೇಕಾಯಿತು ಎಂದರೆ ಊಹಿಸಿ.

2024ರಲ್ಲಿ ಕೊರಿಯಾದ ಪೋಷಕರು ಖಾಸಗಿ ಪಾಠಕ್ಕೆ ಸುರಿದದ್ದು ಸುಮಾರು 29.2 ಲಕ್ಷ ಕೋಟಿ ವಾನ್. ಅಲ್ಲಿಯವರೆಗಿನ ದಾಖಲೆ ಅದು. ಅದೇ ದೇಶದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟುವ ಮಕ್ಕಳ ಪ್ರಮಾಣ 2023ರಲ್ಲಿ 0.72ಕ್ಕೆ ಇಳಿದಿತ್ತು. ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಒಂದೊಂದು ಮಗುವಿನ ಪಾಠದ ಖರ್ಚು ಜಾಸ್ತಿಯಾಗುತ್ತಿದೆ. ಇಂಗ್ಲಿಷ್ ತಾಯ್ನುಡಿಯಾಗಿರುವ ಶಿಕ್ಷಕರಿಗೆ ಇರುವ ಬೇಡಿಕೆ ಇದರ ಒಂದು ಭಾಗ.

ಈಗ ಗೇಟಿನ ಒಳಗಿನ ಕಡೆ ಬನ್ನಿ. ಅಮೆರಿಕನ್ ಸೈನಿಕರ ಸಂಗಾತಿಗಳಲ್ಲಿ ನಿರುದ್ಯೋಗ ಸುಮಾರು 21 ಶೇಕಡ ಎಂದು ಅಮೆರಿಕ ಸರ್ಕಾರದ ಸಮೀಕ್ಷೆಗಳೇ ಹೇಳುತ್ತಾ ಬಂದಿವೆ. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು. ಪ್ರತಿ ಸಲವೂ ಕೆಲಸ ಬಿಡಬೇಕು, ಹೊಸ ಜಾಗದಲ್ಲಿ ಮೊದಲಿಂದ ಶುರು ಮಾಡಬೇಕು. ನೆಲೆಯ ಒಳಗೆ ಕೆಲಸಗಳು ಕೆಲವೇ. ಕೈಯಲ್ಲಿ ಪದವಿ, ಬಾಯಲ್ಲಿ ಇಂಗ್ಲಿಷ್, ಗೇಟಿನಾಚೆ 'ಬನ್ನಿ ಬನ್ನಿ' ಎನ್ನುವ ಪೋಷಕರು. ಗಂಟೆಯ ಪಾಠ ಮುಗಿದ ಮೇಲೆ ಬಿಳಿ ಕವರಿನಲ್ಲಿ ನಗದು. ರಸೀದಿ ಇಲ್ಲ, ಕರಾರು ಇಲ್ಲ. ಇದು ಯಾಕೆ ನಡೆಯುತ್ತದೆ ಎಂದು ತಿಳಿಯುವುದು ಕಷ್ಟವಲ್ಲ. ಹಾಗೆ ಮಾಡುವವರನ್ನು ಕಳ್ಳರಂತೆ ನೋಡುವುದು ಅನ್ಯಾಯ. ಆದರೆ ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಯಾರ ವಾದ ಏನು?

ಸಂಗಾತಿಗಳ ವಾದ ಮೇಲೆ ಬಂದೇ ಇದೆ. ಅದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಎಫ್‌ಬಿಐ ಪತ್ರ, ಅಪೋಸ್ಟಿಲ್, ಕರಾರು, ಅರ್ಜಿ ಎಂದು ತಿಂಗಳುಗಟ್ಟಲೆ ಹೋದರೆ ಎರಡು ವರ್ಷದ ವಾಸದಲ್ಲಿ ದುಡಿಯಲು ಉಳಿಯುವುದು ಎಷ್ಟು? ಈ ದೂರಿನಲ್ಲಿ ಹುರುಳಿದೆ. ಕೊರಿಯಾಕ್ಕೆ ಹೊರಡುವ ಮೊದಲೇ ಸೇನೆಯೇ ಕುಟುಂಬಗಳಿಗೆ 'ಕೆಲಸ ಮಾಡುವ ಯೋಚನೆ ಇದ್ದರೆ ಈ ಕಾಗದಗಳನ್ನು ಊರಲ್ಲೇ ಮಾಡಿಸಿಕೊಳ್ಳಿ' ಎಂದು ಹೇಳಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇ-2 ವೀಸಾದಲ್ಲಿ ಬಂದ ಶಿಕ್ಷಕರು ಒಪ್ಪುವುದಿಲ್ಲ. ಅವರು ಎಲ್ಲ ಕಾಗದ ಮಾಡಿಸಿ, ಒಂದೇ ಸಂಸ್ಥೆಗೆ ಕಟ್ಟುಬಿದ್ದು, ತೆರಿಗೆ ಕಟ್ಟಿ ದುಡಿಯುತ್ತಾರೆ. ಹೊರಗೆ ಖಾಸಗಿ ಟ್ಯೂಷನ್ ಹೇಳಲು ಅವರಿಗೂ ಅವಕಾಶವಿಲ್ಲ. ಸೇನೆಯ ಮನೆಯಲ್ಲಿದ್ದು, ತೆರಿಗೆ ಇಲ್ಲದೆ, ಕಡಿಮೆ ಫೀಸಿಗೆ ಪಾಠ ಹೇಳುವವರು ಪಕ್ಕದಲ್ಲೇ ಇದ್ದರೆ ಸಂಬಳ ಏರುವುದು ಹೇಗೆ ಎಂದು ಅವರು ಕೇಳುತ್ತಾರೆ.

ಸಣ್ಣ ಹಾಗ್ವನ್ ಮಾಲೀಕರಿಗೆ ಎ-3 ಇದ್ದವರು ಅನುಕೂಲ. ವಿಮಾನ ಟಿಕೆಟ್ ಕೊಡಬೇಕಿಲ್ಲ, ಮನೆ ಕೊಡಬೇಕಿಲ್ಲ. ಇ-2 ಶಿಕ್ಷಕರಿಗೆ ಇವೆರಡನ್ನೂ ಕೊಡುವುದು ಅಲ್ಲಿ ವಾಡಿಕೆ. ಇನ್ನು ಎ-3 ಇದ್ದವರ ಬಳಿ ವಿದೇಶಿಯರ ನೋಂದಣಿ ಕಾರ್ಡೇ ಇರುವುದಿಲ್ಲ, ಅವರಿಗೆ ಅದರಿಂದ ವಿನಾಯಿತಿ. ಕಾರ್ಡು ಬೇಡ ಎಂದರೆ ಅನುಮತಿಯೂ ಬೇಡ ಎಂದು ಕೆಲವು ಮಾಲೀಕರು ನಿಜವಾಗಿಯೂ ನಂಬಿದ್ದಾರೆ. ಕೆಲವರು ಗೊತ್ತಿದ್ದೂ ಸುಮ್ನೆ ಇರುತ್ತಾರೆ.

ಸಿಕ್ಕಿಬಿದ್ದರೆ ಏನಾಗುತ್ತದೆ?

ಕಾಯ್ದೆಯ 94ನೇ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಕೆಲಸ ಮಾಡಿದವರಿಗೆ 3 ವರ್ಷದವರೆಗೆ ಜೈಲು ಅಥವಾ 3 ಕೋಟಿ ವಾನ್‌ವರೆಗೆ ದಂಡ ವಿಧಿಸಬಹುದು. ಅನುಮತಿ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡವರಿಗೂ ಇದೇ ಮಿತಿ. ಇದು ಗರಿಷ್ಠ ಶಿಕ್ಷೆ. ಮೊದಲ ತಪ್ಪಿಗೆ ಇಮಿಗ್ರೇಷನ್ ಕಚೇರಿಯೇ ದಂಡ ಹಾಕಿ ಮುಗಿಸುವ ವ್ಯವಸ್ಥೆಯೂ ಕಾಯ್ದೆಯಲ್ಲಿದೆ.

'ನಮ್ಮನ್ನು ಅಮೆರಿಕನ್ ಸೇನೆಯೇ ನೋಡಿಕೊಳ್ಳುತ್ತದೆ, ಕೊರಿಯಾದ ಕೋರ್ಟಿಗೆ ಹೋಗಬೇಕಿಲ್ಲ' ಎಂಬ ಇನ್ನೊಂದು ನಂಬಿಕೆ ಇದೆ. ಅದು ಸೈನಿಕರ ಕೆಲವು ಪ್ರಕರಣಗಳಿಗೆ ಹೊಂದುವ ಮಾತು. ಸೈನಿಕರ ಹೆಂಡತಿಯರಂಥ ನಾಗರಿಕರನ್ನು ಶಾಂತಿ ಕಾಲದಲ್ಲಿ ಸೇನಾ ನ್ಯಾಯಾಲಯದಲ್ಲಿ ವಿಚಾರಣೆ ಮಾಡುವ ಹಾಗಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟೇ 1957ರಲ್ಲಿ ತೀರ್ಪು ಕೊಟ್ಟಿದೆ. ಅದು ನಾಗರಿಕರ ಹಕ್ಕು ಕಾಯಲು ಬಂದ ತೀರ್ಪು. ಅದರ ಇನ್ನೊಂದು ಪರಿಣಾಮ ಏನೆಂದರೆ, ಕೊರಿಯಾದ ಇಮಿಗ್ರೇಷನ್ ಕಾನೂನು ಮುರಿದ ಕುಟುಂಬದವರನ್ನು ಕೊರಿಯಾದ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ.

ದಂಡಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಮನೆಯ ಮೇಲೆ. ಕುಟುಂಬದವರು ಆತಿಥೇಯ ದೇಶದ ಕಾನೂನು ಮುರಿದರೆ ಅವರನ್ನು ಅವಧಿಗೆ ಮೊದಲೇ ಅಮೆರಿಕಕ್ಕೆ ವಾಪಸು ಕಳಿಸುವ ಅಧಿಕಾರ ಸೇನೆಗಿದೆ. ಸೈನಿಕ ಕೊರಿಯಾದಲ್ಲಿ ಉಳಿಯುತ್ತಾನೆ, ಹೆಂಡತಿ ಮಕ್ಕಳು ವರ್ಷದ ನಡುವೆ ಶಾಲೆ ಬಿಡಿಸಿಕೊಂಡು ಹೊರಡುತ್ತಾರೆ.

ಸಂಬಳ ಸಿಗದಿದ್ದರೆ? ಅನುಮತಿ ಇಲ್ಲದೆ ದುಡಿದ ವಿದೇಶಿಯರಿಗೂ ಕಾರ್ಮಿಕ ಕಾನೂನಿನ ರಕ್ಷಣೆ ಉಂಟು ಎಂದು ಕೊರಿಯಾದ ನ್ಯಾಯಾಲಯಗಳು ಹೇಳಿವೆ. ಕಾಗದದ ಮೇಲೆ ಇದು ದೊಡ್ಡ ಆಸರೆ. ಆದರೆ ದೂರು ಕೊಡಲು ಹೋದರೆ ತನ್ನದೇ ತಪ್ಪು ಹೊರಬರುತ್ತದೆ. ಇದು ಮಾಲೀಕನಿಗೂ ಗೊತ್ತಿರುತ್ತದೆ.

'ಫೀಸು ತಗೊಳ್ಳಲ್ಲ', 'ಆನ್‌ಲೈನ್ ತಾನೇ?'

ಪಕ್ಕದ ಶಾಲೆಯಲ್ಲೋ ಅನಾಥಾಶ್ರಮದಲ್ಲೋ ಏನೂ ತೆಗೆದುಕೊಳ್ಳದೆ ಮಕ್ಕಳ ಜೊತೆ ಇಂಗ್ಲಿಷ್ ಮಾತಾಡುವುದು ಸೇವೆ. ನೆಲೆಗಳೇ ಇಂಥ ಕಾರ್ಯಕ್ರಮ ನಡೆಸುತ್ತವೆ. ಆದರೆ 'ಬಸ್ ಚಾರ್ಜು' ಎಂದು ತಿಂಗಳಿಗೊಂದು ಕವರು, ಹಬ್ಬಕ್ಕೊಂದು ಗಿಫ್ಟ್ ಕಾರ್ಡು ಬರಲು ಶುರುವಾದರೆ ಅದನ್ನು ಸೇವೆ ಎಂದು ಅಧಿಕಾರಿಗಳನ್ನು ಒಪ್ಪಿಸುವುದು ಕಷ್ಟ.

ಆನ್‌ಲೈನ್ ವಿಷಯ ಇನ್ನೂ ಮಸುಕು. ಒಂದು ಕಾಲಕ್ಕೆ ಚೀನಾದ ಮಕ್ಕಳಿಗೆ ವಿಡಿಯೋದಲ್ಲಿ ಇಂಗ್ಲಿಷ್ ಕಲಿಸುವ ಕಂಪನಿಗಳು ಸೇನಾ ಸಂಗಾತಿಗಳಿಗೆ ದೊಡ್ಡ ಆಸರೆಯಾಗಿದ್ದವು. ಮುಂಜಾನೆ ಎದ್ದು ಲ್ಯಾಪ್‌ಟಾಪ್ ತೆರೆದರೆ ಸಾಕಿತ್ತು. 2021ರ ಜುಲೈನಲ್ಲಿ ಚೀನಾ ಹೊರದೇಶದಲ್ಲಿರುವ ಶಿಕ್ಷಕರಿಂದ ಇಂಥ ಪಾಠ ಕೊಡಿಸುವುದನ್ನು ನಿಷೇಧಿಸಿತು. ಆ ದುಡಿಮೆ ನಿಂತುಹೋಯಿತು. ಆದರೆ ಪ್ರಶ್ನೆ ಉಳಿದಿದೆ. ಕೂತಿರುವುದು ಕೊರಿಯಾದಲ್ಲಿ, ವಿದ್ಯಾರ್ಥಿ ಬೇರೆ ದೇಶದಲ್ಲಿ, ಸಂಬಳ ಅಮೆರಿಕದ ಬ್ಯಾಂಕಿಗೆ. 1966ರಲ್ಲಿ ಒಪ್ಪಂದ ಬರೆದವರ ಕಣ್ಣಮುಂದೆ ಇಂಥ ದುಡಿಮೆಯೇ ಇರಲಿಲ್ಲ. ವಿದ್ಯಾರ್ಥಿ ಕೊರಿಯಾದವನೇ ಆದರೆ ಮಾತ್ರ ಮಸುಕಿಲ್ಲ. ಪಾಠ ಪರದೆಯ ಮೇಲೆ ನಡೆದರೂ ಅದು ಕೊರಿಯಾದೊಳಗಿನ ದುಡಿಮೆ.

ನಮ್ಮವರಿಗೆ ಎಲ್ಲಿ ತಾಗುತ್ತದೆ?

ಅಮೆರಿಕನ್ ಸೇನೆಯಲ್ಲಿ ಭಾರತೀಯ ಮೂಲದವರೂ ಇದ್ದಾರೆ. ಮದುವೆಯಾಗಿ ಹೋದ ಹುಡುಗಿಯ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟೇ ಇರಬಹುದು. ಗಂಡನಿಗೆ ಕೊರಿಯಾಕ್ಕೆ ವರ್ಗವಾದರೆ ಅವಳಿಗೂ ಎ-3 ಸಿಗುತ್ತದೆ. ಆದರೆ ಇ-2ರ ಏಳು ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಬೆಂಗಳೂರಿನಲ್ಲಿ ಇಂಗ್ಲಿಷ್ ಎಂಎ ಮಾಡಿ ಹತ್ತು ವರ್ಷ ಪಾಠ ಹೇಳಿದ್ದರೂ ಹಾಗ್ವನ್‌ನಲ್ಲಿ ಮಾತುಗಾರಿಕೆ ಕಲಿಸಲು ಆ ಪಟ್ಟಿ ಅಡ್ಡ ಬರುತ್ತದೆ. 2010ರ ಜನವರಿಯಲ್ಲಿ ಜಾರಿಯಾದ ಭಾರತ-ಕೊರಿಯಾ ಆರ್ಥಿಕ ಒಪ್ಪಂದ ಒಂದು ಕಿಟಕಿ ತೆರೆದಿದೆ. ಅರ್ಹತೆ ಇರುವ ಭಾರತೀಯ ಶಿಕ್ಷಕರು ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಬಹುದು. ಹಾಗ್ವನ್ ಅದರಲ್ಲಿ ಬರುವುದಿಲ್ಲ.

ಇದಕ್ಕಿಂತ ಹತ್ತಿರದ ಉದಾಹರಣೆ ಎಚ್-4, ಎಚ್-1ಬಿ ಕೆಲಸದ ವೀಸಾ ಇದ್ದವರ ಕುಟುಂಬಕ್ಕೆ ಅಮೆರಿಕ ಕೊಡುವ ವೀಸಾ. ಗಂಡನ ಎಚ್-1ಬಿ ಮೇಲೆ ಅಮೆರಿಕಕ್ಕೆ ಹೋದ ಎಷ್ಟೋ ಕನ್ನಡತಿಯರು ಮನೆಯಲ್ಲೇ ಸಂಗೀತ, ಭರತನಾಟ್ಯ, ಗಣಿತ ಹೇಳಿಕೊಡುವ ಯೋಚನೆ ಮಾಡುತ್ತಾರೆ. 2015ರ ಮೇ ತಿಂಗಳಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ, ಹೆಂಡತಿ ಕೆಲಸದ ಅನುಮತಿ ಕಾರ್ಡಿಗೆ ಅರ್ಜಿ ಹಾಕಬಹುದು. ಆ ಕಾರ್ಡು ಕೈಗೆ ಬರುವ ಮೊದಲು ಫೀಸು ತೆಗೆದುಕೊಂಡರೆ ಅದು ಅನುಮತಿ ಇಲ್ಲದ ಕೆಲಸ. ಮುಂದೆ ಗ್ರೀನ್ ಕಾರ್ಡಿಗೇ ತೊಡಕಾಗಬಹುದು.

ಕೊರಿಯಾದಲ್ಲಿರುವವರು ಪಾಠಕ್ಕೆ ಒಪ್ಪಿಕೊಳ್ಳುವ ಮೊದಲು ಮಾಡಬೇಕಾದ್ದು ಇಷ್ಟು. ಸೇನಾ ನೆಲೆಯ ಕಾನೂನು ನೆರವು ಕಚೇರಿಯಲ್ಲಿ ಕೇಳಿ. ಅಲ್ಲಿ ಸಲಹೆಗೆ ದುಡ್ಡಿಲ್ಲ. ಹಾಗ್ವನ್ ನೋಂದಣಿಯಾಗಿದೆಯೇ ನೋಡಿ. ಕರಾರು ಬರವಣಿಗೆಯಲ್ಲಿ ಪಡೆಯಿರಿ. ಅದನ್ನು ಹಿಡಿದು ಇಮಿಗ್ರೇಷನ್ ಆಫೀಸಿಗೆ ಹೋಗಿ. ಅನುಮತಿ ಸಿಕ್ಕಾಗ ಅದರಲ್ಲಿ ಯಾವ ಸಂಸ್ಥೆ, ಯಾವ ದಿನಾಂಕದವರೆಗೆ ಎಂದಿದೆ ಎಂದು ಓದಿ. ಬೇರೆ ಸಂಸ್ಥೆಗೆ ಹೋದರೆ ಮತ್ತೆ ಕೇಳಬೇಕಾಗುತ್ತದೆ. 'ಸೋಮವಾರದಿಂದ ಬನ್ನಿ' ಎನ್ನುವ ಮಾಲೀಕ, ಅನುಮತಿ ಬರುವ ತನಕ ಕಾಯುತ್ತಾರಾ ಎಂದು ಕೇಳಿ ನೋಡಿ. ಕಾಯಲು ಒಪ್ಪದಿದ್ದರೆ ಆ ಕೆಲಸ ಬೇಡ.